ದೇವರ ಸೇವೆಯಲ್ಲಿ ವಿನಯವೆಂದರೆ ಹಿಂದೆ ಸರಿಯುವುದೇ?

ನೀವು ಚರ್ಚಿನಲ್ಲಿ ಗಾನವೃಂದವನ್ನು ನಡೆಸುತ್ತಿದ್ದೀರಿ, ಬಲಿಪೂಜೆ (ಮಾಸ್) ಮುಗಿದ ಮೇಲೆ ಜನ ಬಂದು ಹೊಗಳಿದರೆ ಮನಸ್ಸು ಅರಳುತ್ತದೆ, ಮನೆ ಸೇರಿದ ಮೇಲೆ ಅದೇ ಖುಷಿ ಅಹಂಕಾರವೆಂದು ಕಾಡುತ್ತದೆ. ಹೀಗಿರುವಾಗ ಸೇವೆಯನ್ನು ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರುವುದೇ ನಿಜವಾದ ವಿನಯವಲ್ಲವೇ ಎಂದು ಕೇಳಿದ್ದೀರಿ. ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ನಾನು ಪಾದ್ರಿಯಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ; ಕಾರವಾರ ಧರ್ಮಪ್ರಾಂತದ ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಬಹುಕಾಲದಿಂದ ಪೂಜೆಯಲ್ಲಿ ಬೈಬಲ್ ವಾಚನ ಓದುತ್ತ, ಹಬ್ಬದ ಕೆಲಸಗಳಿಗೆ ಓಡಾಡುತ್ತ ಬಂದ ಒಬ್ಬ ವಿಶ್ವಾಸಿ.

ಹೊಗಳಿಕೆ ಹಿತವೆನಿಸುವುದು ಪಾಪವಲ್ಲ. ನಿನ್ನಲ್ಲಿರುವುದರಲ್ಲಿ ನೀನು ಪಡೆಯದೆ ಬಂದದ್ದು ಯಾವುದಿದೆ ಎಂದು ಯೇಸುವಿನ ಸಂದೇಶ ಸಾರಿದ ಸಂತ ಪೌಲರು ತಮ್ಮ ಪತ್ರದಲ್ಲಿ ಕೊರಿಂಥದ ವಿಶ್ವಾಸಿಗಳನ್ನು ಕೇಳುತ್ತಾರೆ. ಕಂಠ ನಿಮಗೆ ಸಿಕ್ಕ ವರ, ಅದು ಚೆನ್ನಾಗಿದೆ ಎನ್ನುವುದು ನಿಜ. ನಿಜವನ್ನು ಒಪ್ಪಿಕೊಳ್ಳುವುದರಿಂದ ವಿನಯಕ್ಕೆ ಧಕ್ಕೆಯಿಲ್ಲ. ಸ್ಪೇನಿನ ಸನ್ಯಾಸಿನಿ ಆವಿಲಾದ ಸಂತ ತೆರೇಸಾ 16ನೇ ಶತಮಾನದಲ್ಲೇ ವಿನಯವೆಂದರೆ ಸತ್ಯದಲ್ಲಿ ನಡೆಯುವುದು ಎಂದಿದ್ದರು. ಯೇಸುಸ್ವಾಮಿ ಹೇಳಿದ ತಲೆಂತುಗಳ (ಅಂದಿನ ಹಣದ ದೊಡ್ಡ ಮೊತ್ತ) ಸಾಮತಿಯಲ್ಲಿ, ಎಂದರೆ ನೀತಿಕತೆಯಲ್ಲಿ, ತನಗೆ ಕೊಟ್ಟದ್ದನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಆಳನ್ನು ಯಜಮಾನನು ವಿನಯವಂತನೆಂದು ಮೆಚ್ಚಲಿಲ್ಲ, ಗದರಿದನು. ಇನ್ನು, ‘ಅಯ್ಯೋ, ನನಗೇನು ಹಾಡಲು ಬರುತ್ತದೆ’ ಎಂದು ತಲೆ ತಗ್ಗಿಸುವ ರೂಢಿ ನಮ್ಮಲ್ಲಿ ಬಹಳ ಇದೆ. ಹೆಚ್ಚಿನ ಸಲ ಅದು ಎರಡನೆಯ ಹೊಗಳಿಕೆಯನ್ನು ಕೇಳಿ ಪಡೆಯುವ ಉಪಾಯ ಮಾತ್ರ. ‘ಥ್ಯಾಂಕ್ಸ್’ ಎಂದು ಹೇಳಿ ಹಾಡಿನ ಪುಸ್ತಕಗಳನ್ನು ಎತ್ತಿಡಲು ಹೋದರೆ ಸಾಕು.

ಆದರೆ ನೀವು ವಿನಯವನ್ನು ಹುಡುಕುತ್ತಿರುವ ಜಾಗವೇ ತಪ್ಪೇನೋ ಎನಿಸುತ್ತದೆ. ನಿಮ್ಮ ಗಮನವೆಲ್ಲ ನಿಮ್ಮ ಮನಸ್ಸಿನೊಳಗೆ ಏನಾಗುತ್ತಿದೆ ಎಂಬುದರ ಮೇಲಿದೆ. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ ನೋಡಿ. ಅಲ್ಲಿ ಯೇಸು ತಮ್ಮ ಮನಸ್ಸಿನ ಬಗ್ಗೆ ಏನೂ ಹೇಳುವುದಿಲ್ಲ. ಊಟದಿಂದ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಪಾದಗಳನ್ನು ತೊಳೆಯುತ್ತಾರೆ. ಅಂದಿನ ಕಾಲದಲ್ಲಿ ಅದು ಆಳಿನ ಕೆಲಸ. ಅದೇ ಭೋಜನದಲ್ಲಿ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರೆಂದು ಜಗಳವಾಡಿದರೆಂದು ಇನ್ನೊಂದು ಶುಭಸಂದೇಶದಲ್ಲಿ ಲೂಕನು ಬರೆಯುತ್ತಾನೆ. ಶಿಷ್ಯರಲ್ಲೊಬ್ಬನಾದ ಜೂದಾಸನು ಹೊರಗೆ ಹೋದದ್ದು ಪಾದ ತೊಳೆದಾದ ಮೇಲೆ. ಅಂದರೆ ಹಿಡಿದುಕೊಡಲಿದ್ದವನ ಕಾಲಿಗೂ ಆ ನೀರು ಬಿದ್ದಿತ್ತು. ಕೃತಜ್ಞತೆ ಬರಲಾರದೆಂದು ಗೊತ್ತಿದ್ದ ಕಡೆಗೂ ಮಾಡಿದ ಸೇವೆ ಅದು.

ಈ ಪ್ರಸಂಗದಲ್ಲಿ ನನಗೆ ಪಾಠವಾಗಿ ಉಳಿದಿರುವುದು ಶಿಷ್ಯ ಪೇತ್ರನ ನಡತೆ. ನೀವು ನನ್ನ ಪಾದಗಳನ್ನು ಎಂದಿಗೂ ತೊಳೆಯಕೂಡದು ಎಂದು ಅವನು ಹಟ ಹಿಡಿಯುತ್ತಾನೆ. ಮೇಲ್ನೋಟಕ್ಕೆ ಎಂಥ ವಿನಯ! ಆದರೆ ತೊಳೆಯಿಸಿಕೊಳ್ಳದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲ ಎಂಬ ಉತ್ತರ ಬರುತ್ತದೆ. ಈ ಪ್ರಸಂಗವನ್ನು ನೆನೆದು ಪಾದ ತೊಳೆಯುವ ಪವಿತ್ರ ಗುರುವಾರದ (ಈಸ್ಟರ್‌ಗೆ ಮುಂಚಿನ ಗುರುವಾರ) ಸಂಜೆ ನಮ್ಮ ಚರ್ಚಿನಲ್ಲಿ ಪಾದ ತೊಳೆಸಿಕೊಳ್ಳಲು ಕುಳಿತವರನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಎಲ್ಲರೂ ಮನೆಯಲ್ಲೇ ಸೋಪು ಹಾಕಿ ಕಾಲು ತಿಕ್ಕಿಕೊಂಡು ಬಂದಿರುತ್ತಾರೆ. ಆದರೂ ಉಪ್ಪುನೀರಿನಲ್ಲೇ ದುಡಿದು ಬಿರುಕುಬಿಟ್ಟ ಹಿಮ್ಮಡಿಯನ್ನು ಗುರುಗಳು ಕೈಯಲ್ಲಿ ಹಿಡಿದಾಗ, ಬಲೆ ಎಳೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ಗಂಡಸು ನಾಚಿಕೊಂಡು ಕಾಲನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಬಗ್ಗಿ ತೊಳೆಯುವುದಕ್ಕಿಂತ ಕೂತು ತೊಳೆಸಿಕೊಳ್ಳುವುದು ಕಷ್ಟ. (ಈ ವಿಧಿ ಗುರುವಾರದ ಬಲಿಪೂಜೆಯ ಒಳಗೇ ಬಂದದ್ದು 1955ರ ಸುಧಾರಣೆಯಿಂದ, ಮಹಿಳೆಯರ ಪಾದ ತೊಳೆಯಲು ನಿಯಮದಲ್ಲಿ ಅವಕಾಶವಾದದ್ದು 2016ರಲ್ಲಿ. ಅದಕ್ಕೂ ಮುನ್ನವೇ, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಬಂದೀಖಾನೆಯಲ್ಲಿ ಹುಡುಗಿಯರ ಪಾದವನ್ನೂ ತೊಳೆದಿದ್ದರು.)

ಸೇವೆಯಲ್ಲಿ ಪಳಗಿದವರಿಗೆ ಈ ಪೇತ್ರನ ರೋಗ ಬೇಗ ತಗಲುತ್ತದೆ. ಊರಿನ ರೋಗಿಗಳ ಮನೆಗೆಲ್ಲ ಹೋಗಿ ಬರುವವರು ತಾವು ಹಾಸಿಗೆ ಹಿಡಿದಾಗ ಯಾರೂ ಬರುವುದು ಬೇಡವೆನ್ನುತ್ತಾರೆ. ಗಾನವೃಂದ ನಡೆಸುವವರಿಗೆ ಶ್ರುತಿ ಸ್ವಲ್ಪ ಮೇಲಾಯಿತೆಂದು ಕಿರಿಯರೊಬ್ಬರು ಹೇಳಿದರೆ ತಡೆಯುವುದಿಲ್ಲ. ಕೊಡುವವನ ಸ್ಥಾನದಲ್ಲೇ ಸದಾ ಇರಬೇಕೆಂಬ ಆಸೆ, ವೇದಿಕೆ ಏರಬೇಕೆಂಬ ಆಸೆಗಿಂತ ಸೂಕ್ಷ್ಮವಾದದ್ದು. ಸೇವೆ ಬಿಟ್ಟು ಹಿಂದಿನ ಬೆಂಚಿಗೆ ಹೋದರೂ ಅದು ಜೊತೆಗೇ ಬಂದು ಕೂರುತ್ತದೆ.

ಕಣ್ಣಿಗೆ ಬೀಳದ ಕೆಲಸವೆಂದ ಮಾತ್ರಕ್ಕೆ ಅದರಲ್ಲಿ ವಿನಯ ತುಂಬಿದೆ ಎಂದೂ ತಿಳಿಯಬೇಡಿ. ಡಿಸೆಂಬರ್ 3ರಂದು ಉತ್ತರ ಕನ್ನಡದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ. ಇಂಥ ಹಬ್ಬ ಮುಗಿದ ಮೇಲೆ ಯಾವ ಚರ್ಚಿನಲ್ಲಾದರೂ ಮೇಣದಬತ್ತಿ ಸ್ಟ್ಯಾಂಡಿನ ತಟ್ಟೆಗಳಲ್ಲಿ ಬೆರಳು ದಪ್ಪ ಮೇಣ ಗಟ್ಟಿಯಾಗಿ ಕೂತಿರುತ್ತದೆ. ಮೊಂಡು ಚಾಕುವಿನಿಂದ ಅದನ್ನು ಕೆರೆದು, ಬಿಸಿನೀರು ಸುರಿದು ಒರೆಸುವವರ ಹೆಸರನ್ನು ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ಆದರೆ ಅದೇ ಕೆಲಸವನ್ನು ‘ನನ್ನ ಹೊರತು ಯಾರಿಗೂ ಸರಿಯಾಗಿ ಬರುವುದಿಲ್ಲ’ ಎಂದು ಚಾಕು ಬಿಟ್ಟುಕೊಡದವರನ್ನೂ ನಾನು ಕಂಡಿದ್ದೇನೆ. ಆ ಹಬ್ಬದ ಸಂತರನ್ನೇ ನೋಡಿ. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದಾಗ ಕ್ಸೇವಿಯರರು ಪೋಪರ ಪ್ರತಿನಿಧಿ. ಆ ಪದವಿಯ ಪತ್ರಗಳು ಅವರ ಬಳಿ ಇದ್ದವು. ಅವರು ಉಳಿದುಕೊಂಡದ್ದು ಆಸ್ಪತ್ರೆಯಲ್ಲಿ, ರೋಗಿಗಳ ನಡುವೆ. ಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆದರು. ಪದವಿಯನ್ನು ಅವರು ಅಡಗಿಸಲಿಲ್ಲ, ಪತ್ರಗಳನ್ನು ಬಿಷಪ್ಪರಿಗೆ ಒಪ್ಪಿಸಿ ಅವರ ಅಧಿಕಾರಕ್ಕೆ ಬಾಗಿದರು. ಬೀದಿಯಲ್ಲಿ ಗಂಟೆ ಬಾರಿಸುವವರ ಹಿಂದೆ ಊರಿನ ಮಕ್ಕಳೆಲ್ಲ ಸೇರುತ್ತಾರೆ. ಮರೆಯಲ್ಲಿ ಕೂತು ಮಾಡುವ ಕೆಲಸವಂತೂ ಅದಲ್ಲ.

ಹಾಗಾಗಿ ನಿಮಗೆ ಹೇಳುವುದಾದರೆ, ಗಾನವೃಂದವನ್ನು ಬಿಡಬೇಡಿ, ಆದರೆ ಇನ್ನೊಬ್ಬರನ್ನು ತಯಾರು ಮಾಡಿ. ಅವರಿಗೆ ಮಳೆಗಾಲದ ವಾರದ ದಿನಗಳ ಪೂಜೆಯನ್ನು ಮಾತ್ರ ಬಿಟ್ಟುಕೊಟ್ಟು ಕ್ರಿಸ್‌ಮಸ್ ರಾತ್ರಿಯನ್ನು ನೀವೇ ಇಟ್ಟುಕೊಂಡರೆ ಅದು ಲೆಕ್ಕಕ್ಕಿಲ್ಲ. ಕ್ರಿಸ್‌ಮಸ್ ರಾತ್ರಿಯೇ ಅವರು ನಡೆಸಲಿ, ನೀವು ಸಾಲಿನಲ್ಲಿ ನಿಂತು ಹಾಡಿ. ಅವರು ತಾಳ ತಪ್ಪಿದಾಗ ನಿಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಪಕ್ಕದವರನ್ನು ಕೇಳಿ ತಿಳಿಯಬಹುದು. ನಾನು ನೆಟ್ಟೆ, ಅಪೊಲ್ಲೋಸನು ನೀರೆರೆದನು, ಬೆಳೆಸಿದವರು ದೇವರು ಎಂದು ಪೌಲರು ತಮ್ಮನ್ನೂ ಇನ್ನೊಬ್ಬ ಬೋಧಕ ಅಪೊಲ್ಲೋಸನನ್ನೂ ಕುರಿತು ಬರೆದದ್ದು ಇಂಥದೇ ಜಗಳಕ್ಕೆ, ಯಾರ ಕಡೆಯವರು ದೊಡ್ಡವರೆಂಬ ಗುಂಪುಗಾರಿಕೆಗೆ.

ಕೊನೆಗೆ ಒಂದು ಎಚ್ಚರಿಕೆಯನ್ನೂ ಕೇಳಿ, ಏಕೆಂದರೆ ವಿನಯದ ಮಾತನ್ನು ಇತರರ ಬಾಯಿ ಮುಚ್ಚಿಸಲು ಬಳಸುವವರು ಎಲ್ಲ ಕಡೆ ಇದ್ದಾರೆ, ಮಹಿಳೆಯರ ಮೇಲಂತೂ ಹೆಚ್ಚಾಗಿಯೇ ಬಳಸುತ್ತಾರೆ. ಹಬ್ಬದ ಲೆಕ್ಕ ಕೇಳಿದರೆ, ಹುಡುಗಿಯರಿಗೆ ಆಗುವ ಅನ್ಯಾಯವನ್ನು ಎತ್ತಿದರೆ ‘ಸ್ವಲ್ಪ ವಿನಯ ಇರಲಿ’ ಎಂಬ ಉತ್ತರ ಬರುತ್ತದೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲರು ಎಲ್ಲರೆದುರೇ ಅವನನ್ನು ಪ್ರಶ್ನಿಸಿದರು. ಅದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮುಚ್ಚಿಡದೆ ಹೇಳಿಯೂ ಇದ್ದಾರೆ. ನಿಮ್ಮ ಹಾಡನ್ನು ಗುರುಗಳು ಬದಲಿಸಿದರೆ ಒಮ್ಮೆ ಕಾರಣ ಕೇಳಿ, ನಿಮ್ಮ ಮಾತು ಹೇಳಿ, ಆಮೇಲೆ ಅವರು ಹೇಳಿದ್ದನ್ನೇ ಹಾಡಿ. ಬೇರೊಬ್ಬರಿಗೆ ಅನ್ಯಾಯವಾಗುತ್ತಿದ್ದರೆ ಮಾತ್ರ ಒಮ್ಮೆ ಕೇಳಿ ಸುಮ್ಮನಾಗಬೇಡಿ.