ಅಮೆರಿಕಕ್ಕೆ ಡ್ರಿಲ್, ಗ್ರೈಂಡರ್ ತರಿಸಲು ಐಎಸ್‌ಎಫ್ ಸಲ್ಲಿಸಬೇಕಾ?

ಚೀನಾದಿಂದ ಕೆಲವು ಪೆಟ್ಟಿಗೆ ಕೈ ಡ್ರಿಲ್, ಆ್ಯಂಗಲ್ ಗ್ರೈಂಡರ್ ತರಿಸುತ್ತಿದ್ದೀರಿ, ಸರಕು ಕಮ್ಮಿ ಇದ್ದರೂ ಐಎಸ್‌ಎಫ್ (ಇಂಪೋರ್ಟರ್ ಸೆಕ್ಯುರಿಟಿ ಫೈಲಿಂಗ್, ಅಂದರೆ ಬರುವ ಸರಕಿನ ವಿವರವನ್ನು ಅಮೆರಿಕದ ಕಸ್ಟಮ್ಸ್‌ಗೆ ಮೊದಲೇ ಸಲ್ಲಿಸುವುದು) ಬೇಕಾ ಅಂತ ಕೇಳಿದ್ದೀರಿ. ಹಡಗಿನಲ್ಲಿ ಬಂದರೆ ಬೇಕು. ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್‌ನಲ್ಲಿ ಬಂದರೂ ಬೇಕು. ವಿಮಾನದಲ್ಲಿ ಬಂದರೆ ಐಎಸ್‌ಎಫ್ ಇಲ್ಲ.

ಇದನ್ನು '10+2' ಅಂತಲೂ ಕರೆಯುತ್ತಾರೆ. 10 ವಿವರ ಆಮದುದಾರರದ್ದು, 2 ಹಡಗು ಕಂಪನಿಯದ್ದು. ಜಾಸ್ತಿ ಜನ ಎಡವುವುದು ಗಡುವಿನಲ್ಲಿ. ಹಡಗು ಅಮೆರಿಕ ಮುಟ್ಟುವ ಮುಂಚೆ ಅಲ್ಲ, ಚೀನಾದ ಬಂದರಿನಲ್ಲಿ ಸರಕು ಹಡಗಿಗೆ ಏರುವ 24 ಗಂಟೆ ಮೊದಲೇ ಸಲ್ಲಿಸಬೇಕು. ಮಾರುವವರು, ಕೊಳ್ಳುವವರು, ತಯಾರಕರು, ಸರಕು ತಲುಪುವ ವಿಳಾಸ, ತಯಾರಾದ ದೇಶ, ಆಮದುದಾರರ ಮತ್ತು ಸರಕು ಪಡೆಯುವವರ ಗುರುತಿನ ಸಂಖ್ಯೆ, 6 ಅಂಕಿಯ ಸುಂಕದ ಕೋಡ್ ಆಗ ಬೇಕು. ಕಂಟೇನರ್ ತುಂಬಿದ ಜಾಗ, ತುಂಬಿಸಿದವರ ವಿವರ ಮಾತ್ರ ಸ್ವಲ್ಪ ತಡವಾದರೂ ನಡೆಯುತ್ತದೆ. ಆದರೂ ಹಡಗು ಅಮೆರಿಕಕ್ಕೆ ಬರುವ 24 ಗಂಟೆ ಮೊದಲು ಕೊಡಲೇಬೇಕು.

ಕೋಡ್ ವಿಷಯ: ಮೋಟಾರ್ ಒಳಗೇ ಇರುವ ಕೈ ಡ್ರಿಲ್‌ಗೆ 8467.21, ಗರಗಸಕ್ಕೆ 8467.22, ಗ್ರೈಂಡರ್‌ಗೆ 8467.29. ಎಲ್ಲವನ್ನೂ ಸುಮ್ನೆ 'ಟೂಲ್ಸ್' ಅಂತ ಬರೆದು ಕಳಿಸಬೇಡಿ.

ತಡವಾದರೆ ಅಥವಾ ತಪ್ಪಿದ್ದರೆ ಒಂದು ಉಲ್ಲಂಘನೆಗೆ 5,000 ಡಾಲರ್‌ವರೆಗೆ ದಂಡ ಬೀಳಬಹುದು. ಸಣ್ಣ ಆರ್ಡರ್‌ನ ಲಾಭವೇ ಅಷ್ಟಿರಲ್ಲ, ಅಲ್ವಾ? ಬಾಂಡ್ (ಕಸ್ಟಮ್ಸ್‌ಗೆ ಕೊಡುವ ಖಾತರಿ ಪತ್ರ) ಕೂಡ ಬೇಕು. ಕಸ್ಟಮ್ಸ್ ಬ್ರೋಕರ್ ಸಲ್ಲಿಸಿದರೂ ಹೊಣೆ ಆಮದುದಾರರದೇ. ಹಾಗಾಗಿ ಮುಂಗಡ ಕೊಡುವ ಮೊದಲೇ ಕಾರ್ಖಾನೆಯ ಪೂರ್ತಿ ವಿಳಾಸ ಕೇಳಿ ಇಟ್ಟುಕೊಳ್ಳಿ. ಕಾರ್ಖಾನೆಗೂ ನಿಮಗೂ ನಡುವೆ ನಿಂತು ಮಾರುವ ದಲ್ಲಾಳಿ ಕಂಪನಿಗಳು ಅದನ್ನೇ ಕೊನೆಯ ತನಕ ಎಳೆದಾಡಿಸುವುದು.