ಅಮೆರಿಕದಲ್ಲಿ ಸಮಾಧಿಗೆ ಜಾಗ ಕೊಳ್ಳುವಾಗ ಸೆಮೆಟರಿಗೆ ರಾಜ್ಯದ ಲೈಸೆನ್ಸ್ ಇದ್ದರೆ ಸಾಕೇ?

ಅಪ್ಪ ಅಮ್ಮ ನಿಮ್ಮ ಜೊತೆಗಿದ್ದಾರೆ, ನೀವು ಲಿಂಗಾಯತರು, ಮಣ್ಣು ಮಾಡುವ ಪದ್ಧತಿ. ಸೆಮೆಟರಿಯವರು ಎರಡು ಪ್ಲಾಟ್ ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ, ರಾಜ್ಯದ ಲೈಸೆನ್ಸ್ ಇದೆ, ಸಹಿ ಹಾಕಬಹುದಾ ಎಂಬುದು ನಿಮ್ಮ ಪ್ರಶ್ನೆ. ನಾನೂ ಲೈಸೆನ್ಸ್ ನೋಡಿಯೇ ಸಹಿ ಹಾಕಿದವನು. ಲೈಸೆನ್ಸ್ ಸರಿಯಾಗಿಯೇ ಇತ್ತು. ಪೆಟ್ಟು ಬಿದ್ದದ್ದು ಬೇರೆ ಕಡೆ.

ಕರಾರುಪತ್ರದಲ್ಲಿ ಒಂದು ಸಾಲು ಇರುತ್ತದೆ: ಈ ಮಾರಾಟ ಸೆಮೆಟರಿಯ ಈಗಿನ ನಿಯಮಗಳಿಗೂ ಮುಂದೆ ಮಾಡುವ ನಿಯಮಗಳಿಗೂ ಒಳಪಟ್ಟಿದೆ ಎಂದು. ಆ ನಿಯಮಗಳ ಪುಸ್ತಕವನ್ನು ನಾನು ಕೇಳಲಿಲ್ಲ. ನಾವು ಕೊಂಡ ಸೆಕ್ಷನ್‌ನಲ್ಲಿ ನೆಲಮಟ್ಟದ ಕಲ್ಲಿಗೆ ಮಾತ್ರ ಅವಕಾಶವಿತ್ತು. ಹುಲ್ಲು ಕತ್ತರಿಸುವ ಯಂತ್ರ ಮೇಲೆಯೇ ಹಾದುಹೋಗಬೇಕಲ್ಲ, ಹಾಗಾಗಿ ಕಲ್ಲು ಮಣ್ಣಿನ ಸಮಕ್ಕೆ ಇರಬೇಕು. ಲಿಂಗ ಕೆತ್ತಿದ ನಿಲುಗಲ್ಲು ಇಡಿಸಬೇಕೆಂದಿದ್ದ ನಮಗೆ ಇದು ಗೊತ್ತಾಗಿದ್ದು ಕಲ್ಲು ಆರ್ಡರ್ ಮಾಡಲು ಹೋದಾಗ. ನಿಲುಗಲ್ಲಿನ ಸೆಕ್ಷನ್ ಬೇಕಾದರೆ ಅದರ ಇಂದಿನ ದರದ ವ್ಯತ್ಯಾಸ ಕೊಡಿ ಎಂದರು. ದೂರು ಕೊಡಲು ಹಿಡಿಯುವಂಥ ತಪ್ಪೇ ಇರಲಿಲ್ಲ, ಯಾಕೆಂದರೆ ನಿಯಮ ಬರಹದಲ್ಲಿತ್ತು, ನನ್ನ ಸಹಿಯೂ ಇತ್ತು.

ನಾವು ಎಡವುವುದು ಇಲ್ಲೇ. ಊರಲ್ಲಿ ಸೈಟ್ ಕೊಂಡ ಹಾಗೆ ಇದು ಎಂದುಕೊಳ್ಳುತ್ತೇವೆ. ಅಲ್ಲ. ಸಾಮಾನ್ಯವಾಗಿ ನೀವು ಕೊಳ್ಳುವುದು ಅಲ್ಲಿ ಹೂಳುವ ಹಕ್ಕನ್ನು ಮಾತ್ರ. ನೆಲ ಸೆಮೆಟರಿಯದೇ. ಕಲ್ಲಿನ ಎತ್ತರ, ಅಗಲ, ಗ್ರಾನೈಟೋ ಕಂಚೋ, ಅದನ್ನು ಯಾರು ನಿಲ್ಲಿಸಬೇಕು, ಹೂವು ಎಷ್ಟು ದಿನ ಇರಬಹುದು, ದೀಪ ಹಚ್ಚಬಹುದೇ, ಎಲ್ಲವನ್ನೂ ಆ ಪುಸ್ತಕವೇ ನಿರ್ಧರಿಸುತ್ತದೆ. ಹಾಗಾಗಿ ಬೆಲೆ ಕೇಳುವ ಮೊದಲೇ ನಿಯಮದ ಪುಸ್ತಕ, ಪೂರ್ತಿ ದರಪಟ್ಟಿ, ಸೆಕ್ಷನ್ ನಕ್ಷೆ, ಖಾಲಿ ಕರಾರುಪತ್ರ ಇಷ್ಟನ್ನೂ ಕೈಗೆ ತೆಗೆದುಕೊಂಡು ಮನೆಗೆ ಬನ್ನಿ. ಮನೆಗೆ ಕೊಡುವುದಿಲ್ಲ ಎಂದರೆ ಆ ಜಾಗ ನಿಮಗೆ ಬೇಡ.

ಇನ್ನು ರಾಜ್ಯ ಕಾಯುತ್ತದೆ ಎಂಬ ನಿಮ್ಮ ನಂಬಿಕೆ. ಅದು ಅರ್ಧ ಮಾತ್ರ ನಿಜ. ರಾಜ್ಯದ ಕಾನೂನು ಮುಖ್ಯವಾಗಿ ನೋಡುವುದು ನಿರ್ವಹಣೆಯ ನಿಧಿ, ದಾಖಲೆ ಮತ್ತು ಮುಂಗಡ ಹಣದ ಭದ್ರತೆಯನ್ನು. ನ್ಯೂಯಾರ್ಕ್‌ನಲ್ಲಿ ಕಾನೂನು ಬಿಗಿ: ಸೆಮೆಟರಿ ಲಾಭರಹಿತವಾಗಿರಬೇಕು, ನಿಯಮಗಳಿಗೂ ಸೇವಾಶುಲ್ಕಕ್ಕೂ ರಾಜ್ಯ ಸರ್ಕಾರದ ಸೆಮೆಟರಿ ಬೋರ್ಡ್‌ನ ಒಪ್ಪಿಗೆ ಬೇಕು. ಆದರೆ ಅಲ್ಲೂ ಚರ್ಚ್ ಮುಂತಾದ ಧಾರ್ಮಿಕ ಸಂಸ್ಥೆಗಳ ಸೆಮೆಟರಿ, ಪಟ್ಟಣದ ಸೆಮೆಟರಿ ಈ ಬೋರ್ಡಿನ ಹೊರಗೆ. ಕ್ಯಾಲಿಫೋರ್ನಿಯಾದ ಸೆಮೆಟರಿ ಅಂಡ್ ಫ್ಯೂನರಲ್ ಬ್ಯೂರೋ ಕೂಡ ಧಾರ್ಮಿಕ, ನಗರ, ಕೌಂಟಿ ಸೆಮೆಟರಿಗಳ ತಂಟೆಗೆ ಹೋಗುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ‘ಈ ಜಾಗ ಯಾರ ಸುಪರ್ದಿಯಲ್ಲಿದೆ, ದೂರು ಯಾರಿಗೆ ಕೊಡಬೇಕು’ ಎಂದಿರಲಿ. ಇಲಿನಾಯ್‌ನ ಆಲ್ಸಿಪ್‌ನಲ್ಲಿರುವ ಬರ್ ಓಕ್ ಸೆಮೆಟರಿಯಲ್ಲಿ ಹಳೆಯ ಗೋರಿಗಳನ್ನು ಅಗೆದು ಅದೇ ಜಾಗವನ್ನು ಮತ್ತೆ ಮಾರಿದ್ದು 2009ರಲ್ಲಿ ಬಯಲಾಯಿತು. ಅದಾದ ಮೇಲೆಯೇ ಆ ರಾಜ್ಯ ಸೆಮೆಟರಿಗಳ ಮೇಲ್ವಿಚಾರಣೆಗೆ ಹೊಸ ಕಾಯ್ದೆ ತಂದದ್ದು.

ಕೇಂದ್ರದ ಫ್ಯೂನರಲ್ ರೂಲ್ ಇದೆಯಲ್ಲ ಎಂದು ಯಾರಾದರೂ ಹೇಳುತ್ತಾರೆ. ಅದು 1984ರಿಂದ ಜಾರಿಯಲ್ಲಿದೆ, ಒಳ್ಳೆಯ ನಿಯಮವೇ: ಫ್ಯೂನರಲ್ ಹೋಮ್, ಅಂದರೆ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆ, ಫೋನಿನಲ್ಲೇ ದರ ಹೇಳಬೇಕು, ಹೋದರೆ ದರಪಟ್ಟಿ ಕೈಗೆ ಕೊಡಬೇಕು, ಹೊರಗೆ ಕೊಂಡ ಶವಪೆಟ್ಟಿಗೆಯನ್ನು ಹೆಚ್ಚುವರಿ ಶುಲ್ಕವಿಲ್ಲದೆ ಒಪ್ಪಬೇಕು. ಆದರೆ ಅದು ಅಂತ್ಯಕ್ರಿಯೆಯ ಸಾಮಗ್ರಿ ಮತ್ತು ಸೇವೆ ಎರಡನ್ನೂ ಮಾರುವವರಿಗೆ ಅನ್ವಯ. ಬರೀ ಜಾಗ, ವಾಲ್ಟ್, ಕಲ್ಲು ಮಾರುವ ಸೆಮೆಟರಿಗೆ ತಾಗುವುದಿಲ್ಲ.

ವಾಲ್ಟ್ ಎಂದರೆ ಗುಂಡಿಯೊಳಗೆ ಶವಪೆಟ್ಟಿಗೆಯ ಸುತ್ತ ಇಡುವ ಕಾಂಕ್ರೀಟ್ ಅಥವಾ ಲೋಹದ ಹೊರಪೆಟ್ಟಿಗೆ. ಇದು ಕಾನೂನು ಎಂದು ಸೇಲ್ಸ್‌ನವರು ಹೇಳಿದರೆ ನಂಬಬೇಡಿ. ಬಹುತೇಕ ಕಡೆ ಕಾನೂನಿನ ಕಡ್ಡಾಯವಿಲ್ಲ, ಮಣ್ಣು ಕುಸಿಯಬಾರದೆಂದು ಸೆಮೆಟರಿಯೇ ಮಾಡಿಕೊಂಡ ನಿಯಮ. ಸಾಮಾನ್ಯವಾಗಿ ಅಗ್ಗದ ಕಾಂಕ್ರೀಟ್ ಲೈನರ್, ಅಂದರೆ ನೀರು ತಡೆಯದ ಸಾದಾ ಹೊರಪೆಟ್ಟಿಗೆ, ಸಾಕು. ನೀರು ಬಾರದಂತೆ ಮುಚ್ಚಿದ ದುಬಾರಿ ವಾಲ್ಟ್ ಬೇಕಿಲ್ಲ.

ಕೂರಿಸಿ ಸಮಾಧಿ ಮಾಡಬೇಕೆಂದಿದ್ದರೆ ಇದನ್ನು ಮೊದಲೇ ಬಿಡಿಸಿಕೊಳ್ಳಿ. ಲೈನರ್ ಇರುವುದು ಮಲಗಿಸಿದ ಪೆಟ್ಟಿಗೆಯ ಅಳತೆಗೆ. ಕೂರಿಸಿದ ದೇಹಕ್ಕೆ ಆ ಎತ್ತರ ಸಾಲದು. ವಾಲ್ಟ್ ಕೇಳದ ಗ್ರೀನ್ ಬರಿಯಲ್ ಸೆಕ್ಷನ್ ಇದ್ದರೆ ಮಾತಾಡಲು ದಾರಿಯಿದೆ, ಆದರೆ ಅಲ್ಲಿ ಅಗೆಯುವುದು ಹೆಚ್ಚಾಗಿ ಮೂರೂವರೆ ನಾಲ್ಕು ಅಡಿ ಮಾತ್ರ. ಎಷ್ಟು ಆಳ ತೋಡುತ್ತೀರಿ, ಗುಂಡಿಗೆ ನಾವೇ ಇಳಿಯಬಹುದೇ, ವಿಭೂತಿ ಬಿಲ್ವಪತ್ರೆ ಹಾಕಬಹುದೇ, ಮೊದಲ ಹಿಡಿ ಮಣ್ಣು ನಾವು ಹಾಕಿದ ಮೇಲೆ ಯಂತ್ರ ತರುತ್ತೀರಾ, ಇವೆಲ್ಲಕ್ಕೂ ಸೂಪರಿಂಟೆಂಡೆಂಟ್ ಸಹಿಯ ಪತ್ರ ತೆಗೆದುಕೊಳ್ಳಿ. ಸೇಲ್ಸ್‌ನವರ ಬಾಯಿಮಾತು ಹೂಳುವ ದಿನ ಕೆಲಸಕ್ಕೆ ಬರುವುದಿಲ್ಲ.

ಪ್ಲಾಟ್ ಬೆಲೆ ಖರ್ಚಿನ ಒಂದು ಭಾಗ ಅಷ್ಟೇ. ಓಪನಿಂಗ್ ಅಂಡ್ ಕ್ಲೋಸಿಂಗ್, ಅಂದರೆ ಗುಂಡಿ ತೋಡಿ ಮುಚ್ಚುವ ಶುಲ್ಕ, ಹೆಚ್ಚಾಗಿ ಬೇರೆ, ಇಬ್ಬರಿಗೆ ಎರಡು ಸಲ. ಶನಿವಾರ, ಭಾನುವಾರ, ಮಧ್ಯಾಹ್ನದ ನಂತರ ಎಂದರೆ ಇನ್ನೂ ಹೆಚ್ಚು. ಲೈನರ್, ಕಲ್ಲು, ಕಲ್ಲಿನ ಬುನಾದಿ, ನಿಲ್ಲಿಸುವ ಶುಲ್ಕ, ಇವೂ ಬೇರೆ ಬೇರೆ. ನಾಳೆ ಒಬ್ಬರನ್ನು ಹೂಳಿದರೆ ಒಟ್ಟು ಎಷ್ಟಾಗುತ್ತದೆ, ಒಂದೇ ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿ.

ನನ್ನ ಮಾತು ಕೇಳುವುದಾದರೆ ಈಗ ಕೊಳ್ಳಬೇಕಾದದ್ದು ಜಾಗವೊಂದೇ, ಅದೂ ಎಲ್ಲಿ ನೆಲೆಸುತ್ತೀರಿ ಎಂದು ಖಚಿತವಿದ್ದರೆ ಮಾತ್ರ. ವಾಲ್ಟ್, ಗುಂಡಿ, ಕಲ್ಲಿಗೆ ಮುಂಗಡ ಕೊಡಬೇಡಿ. ಆ ದುಡ್ಡನ್ನು ಅಪ್ಪ ಅಮ್ಮನ ಹೆಸರಲ್ಲಿ, ನಿಧನಾನಂತರ ನಿಮಗೆ ಸೇರುವಂಥ ಪೇಯಬಲ್ ಆನ್ ಡೆತ್ ಬ್ಯಾಂಕ್ ಖಾತೆಯಲ್ಲಿಡಿ. ಊರು ಬದಲಿಸಿದರೂ ದುಡ್ಡು ಜೊತೆಗೇ ಬರುತ್ತದೆ. ಪ್ಲಾಟ್ ಹಾಗೆ ಬರುವುದಿಲ್ಲ, ಮಾರುವುದೂ ಕಷ್ಟ. ನ್ಯೂಯಾರ್ಕ್‌ನಲ್ಲಿ ಮೊದಲು ಸೆಮೆಟರಿಗೇ ಕೊಡಲು ಮುಂದಾಗಬೇಕು. ನೀವು ಕೊಂಡಾಗ ಕೊಟ್ಟ ಬೆಲೆಗೆ ವರ್ಷಕ್ಕೆ ಶೇ. 4 ಸರಳ ಬಡ್ಡಿ ಸೇರಿಸಿ ಅವರು ವಾಪಸು ಕೊಳ್ಳಬಹುದು. ಬೇರೆ ರಾಜ್ಯದಲ್ಲಿ ಮರುಮಾರಾಟದ ಷರತ್ತು ಏನೆಂದು ಕರಾರಿನಲ್ಲೇ ಓದಿ.

ಕನ್ನಡ ಕೂಟದ ಹಬ್ಬದಲ್ಲಿ ಮೇಜು ಹಾಕಿಕೊಂಡು ಅಥವಾ ನಿಮ್ಮ ಮನೆಗೇ ಬಂದು ಮಾರಿದರೆ ಕೂಲಿಂಗ್ ಆಫ್ ನಿಯಮವಿದೆ: ಮೂರನೇ ವ್ಯವಹಾರ ದಿನದ ಮಧ್ಯರಾತ್ರಿಯವರೆಗೆ ರದ್ದು ಮಾಡಬಹುದು, ರದ್ದತಿ ಫಾರ್ಮಿನ ಎರಡು ಪ್ರತಿಯನ್ನು ಅವರೇ ಕೊಡಬೇಕು. ಮನೆಯಲ್ಲಾದರೆ 25 ಡಾಲರ್, ತಾತ್ಕಾಲಿಕ ಜಾಗದಲ್ಲಾದರೆ 130 ಡಾಲರ್ ಮೀರಿದ ಮಾರಾಟಕ್ಕೆ ಇದು. ಆದರೆ ಸ್ಥಿರಾಸ್ತಿ ಇದರ ಹೊರಗಿದೆ, ಹಾಗಾಗಿ ಜಾಗದ ವಿಷಯದಲ್ಲಿ ಇದನ್ನೇ ನಂಬಿ ಸಹಿ ಹಾಕಬೇಡಿ. ಸೆಮೆಟರಿಯ ಕಚೇರಿಯಲ್ಲಿ ಕೂತು ಸಹಿ ಹಾಕಿದರಂತೂ ಈ ನಿಯಮ ಅನ್ವಯಿಸುವುದೇ ಇಲ್ಲ.

ಸಹಿ ಹಾಕುವ ದಿನ ನಕ್ಷೆ ಹಿಡಿದು ಜಾಗಕ್ಕೆ ಹೋಗಿ. ಸಿಬ್ಬಂದಿಯಿಂದ ಹುಲ್ಲು ಸರಿಸಿ ಮೂಲೆಗಲ್ಲು ತೋರಿಸಿಕೊಳ್ಳಿ. ಅಲ್ಲಿರುವ ನಂಬರಿಗೂ ಡೀಡಿನಲ್ಲಿ, ಅಂದರೆ ನಿಮ್ಮ ಹಕ್ಕುಪತ್ರದಲ್ಲಿ, ಇರುವ ಸೆಕ್ಷನ್, ಲಾಟ್, ಗ್ರೇವ್ ನಂಬರಿಗೂ ತಾಳೆ ಹಾಕಿ. ಪಕ್ಕದ ಸಾಲಿನಲ್ಲಿ ಎಂಥ ಕಲ್ಲುಗಳಿವೆ ನೋಡಿ. ಎಲ್ಲವೂ ನೆಲಮಟ್ಟದಲ್ಲೇ ಇದ್ದರೆ ನಿಮ್ಮದೂ ಹಾಗೆಯೇ ಇರಬೇಕಾಗುತ್ತದೆ.