ಕೆಲಸ ಬಿಟ್ರೆ ಕಂತು ಯಾರು ಕಟ್ತಾರೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಂಕಟ ಹೇಳಿಕೊಳ್ಳಲು ನನ್ನ ಬಳಿ ಬಂದ ಆ ಹೆಂಗಸು ಬೆಂಗಳೂರಿನ ಪೀಣ್ಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ವಯಸ್ಸು ನಲವತ್ತರ ಹತ್ತಿರ. ಗಂಟೆಗಂಟೆಗೂ ಟಾರ್ಗೆಟ್, ಹಿಂದೆ ಬಿದ್ದರೆ ಇಡೀ ಲೈನಿನ ಎದುರು ಬೈಗುಳ. ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಡಿಮೆಯಾಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಭಾನುವಾರ ಸಂಜೆಯಾದರೆ ಎದೆ ಡವಡವ. ರಾತ್ರಿ ನಿದ್ದೆ ಇಲ್ಲ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗಿ, ಆಮೇಲೆ ಬಚ್ಚಲಲ್ಲಿ ನಿಂತು ಅಳುತ್ತಿದ್ದರು.

“ಬಿಟ್ಬಿಡೋಣ ಅನ್ಸುತ್ತೆ ಮೇಡಂ. ಬಿಟ್ರೆ ಬಾಡಿಗೆ, ಫೀಸು, ಸಂಘದ ಕಂತು ಯಾರು ಕಟ್ತಾರೆ?”

ಗಂಡನಿಗೆ ಗಾರೆ ಕೆಲಸ, ಸಿಕ್ಕಿದ ದಿನ ಉಂಟು, ಇಲ್ಲದ ದಿನ ಇಲ್ಲ. ಅವರಿಗೆ ಹೇಳಿದರೆ ಕುಗ್ಗಿಹೋಗುತ್ತಾರೆ ಅಂತ ಈಕೆ ಬಾಯಿಬಿಟ್ಟಿರಲಿಲ್ಲ.

ಇಂಥವರಿಗೆ ‘ಧ್ಯಾನ ಮಾಡಿ, ಧೈರ್ಯವಾಗಿರಿ’ ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ. ಒಂದು ತಿಂಗಳ ಸಂಬಳ ನಿಂತರೂ ಆ ಮನೆ ನಡೆಯುವುದಿಲ್ಲ, ಅವರ ಭಯ ನಿಜವಾದದ್ದೇ. ಅವರು ಮಾತ್ರ ಅದನ್ನು ತಮ್ಮ ಮನಸ್ಸಿನ ದೌರ್ಬಲ್ಯ ಅಂದುಕೊಂಡಿದ್ದರು. “ನಿಮ್ಮ ತಪ್ಪಲ್ಲ ಇದು” ಎಂದಾಗ ತುಂಬಾ ಹೊತ್ತು ಅತ್ತರು.

ಸಂಬಳದಲ್ಲಿ ಪ್ರತಿ ತಿಂಗಳೂ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಹಣ ಹಿಡಿಯುತ್ತಾರೆ ಅಲ್ವಾ? ಹೆರಿಗೆ ಬಿಟ್ಟರೆ ಅವರು ಆ ಆಸ್ಪತ್ರೆಗೆ ಹೋಗಿರಲೇ ಇಲ್ಲ. ಮೊದಲು ಅಲ್ಲಿ ತೋರಿಸಿ ಎಂದೆ. ಎದೆ ಹೊಡೆದುಕೊಳ್ಳುವುದಕ್ಕೆ ರಕ್ತ ಕಡಿಮೆ ಇರುವುದೋ ಥೈರಾಯ್ಡೋ ಕಾರಣ ಇರಬಹುದು. ಮನಸ್ಸಿನ ಆಯಾಸವನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ರಜೆ ಬೇಕೆಂದು ಇಎಸ್‌ಐ ವೈದ್ಯರು ಸರ್ಟಿಫಿಕೇಟ್ ಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಹಣ ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಇದು ಯಾರೋ ಕೊಡುವ ದಾನವಲ್ಲ, ಅವರದೇ ದುಡಿಮೆಯ ಹಕ್ಕು. ಇದು ಗೊತ್ತಾದಾಗಲೇ ಅವರ ಮುಖ ಸ್ವಲ್ಪ ಸಡಿಲವಾಯಿತು.

ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ, ಬೇರೆ ಕೆಲಸ ಗೊತ್ತಾದ ಮೇಲೆ ಬಿಡಿ ಎಂದೆ. ಹಳೇ ಕಂತು ಕಟ್ಟಲು ಹೊಸ ಸಾಲ ಬೇಡ. ತಿಂಗಳ ಖರ್ಚು, ಸಾಲ ಎಲ್ಲವನ್ನೂ ಚೀಟಿಯಲ್ಲಿ ಬರೆದು ಗಂಡನ ಜೊತೆ ಕೂತು ನೋಡಿ. ರಾತ್ರಿ ಸಂಕಟ ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಗಂಡನನ್ನೂ ಕರೆತಂದರು. ರಕ್ತ ಕಡಿಮೆ ಇದೆ ಎಂದು ಮಾತ್ರೆ ಶುರುವಾಗಿತ್ತು, ಕೆಲವು ದಿನ ರಜೆಯೂ ಸಿಕ್ಕಿತ್ತು. ಟಾರ್ಗೆಟ್ ಮಾತ್ರ ಹಾಗೇ ಇದೆ. ಬೈಗುಳದ ಬಗ್ಗೆ ಒಬ್ಬರೇ ಹೋಗದೆ, ಲೈನಿನ ಉಳಿದ ಹೆಂಗಸರ ಜೊತೆ ಸೇರಿ ಬರವಣಿಗೆಯಲ್ಲೇ ದೂರು ಕೊಡಿ ಎಂದು ಹೇಳಿದ್ದೇನೆ.